ಗುಡುಗಮ್ಮ ಬಣ್ಣ ಕಲಿತದ್ದು

ಗುಡುಗಮ್ಮ ಎಂದು ಆಕೆಗೆ ಹೆಸರಿಟ್ಟವರು ನಾಟಕ ಕಂಪನಿಯವರೇ. ಮೈಕು ಕೈಕೊಟ್ಟ ದಿನವೂ ಕಡೇ ಬೆಂಚಿನವನಿಗೆ ಮಾತು ಮುಟ್ಟಿಸುವ ಗಂಟಲು ಅವಳದು. ಆದರೆ ಜನ ಟಿಕೀಟು ಕೊಂಡು ಬರುತ್ತಿದ್ದದ್ದು ಆ ಗಂಟಲು ಕೇಳಲಿಕ್ಕಲ್ಲ, ಅವಳು ಏಟು ತಿನ್ನುವುದನ್ನು ನೋಡಲಿಕ್ಕೆ. ನಾಚಿಕೆಗೇಡು ಅನ್ನಿ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ? ಕಂಪನಿಯ ಹೆಸರುವಾಸಿ ನಾಟಕದಲ್ಲಿ ಅವಳು ಕುಡುಕನ ಹೆಂಡತಿ. ಕುಡುಕನ ಪಾರ್ಟು ಕಂಪನಿಯ ಯಜಮಾನನದು, ಅಂದರೆ ಅವಳ ಸ್ವಂತ ಗಂಡನದು.

ರಂಗದ ಮೇಲೆ ಹೊಡೆಯುವುದಕ್ಕೂ ಒಂದು ಕಸುಬಿದೆ. ಹೊಡೆಯುವವನ ಕೈ ಕೆನ್ನೆಯವರೆಗೆ ಬಂದು ಗಾಳಿಯಲ್ಲೇ ದಾಟಿಹೋಗಬೇಕು. ಏಟು ತಿನ್ನುವವಳು ಜನಕ್ಕೆ ಕಾಣದ ಹಾಗೆ ಸೊಂಟದ ಬಳಿ ತನ್ನೆರಡು ಕೈ ಚಟೀರೆಂದು ತಟ್ಟಿ ಮುಖ ತಿರುಗಿಸಬೇಕು. ಮದುವೆಯಾದ ಹೊಸದರಲ್ಲಿ ಗಂಡ ಹೆಂಡಿರು ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದರೆಂದರೆ, ಪರದೆ ಬಿದ್ದ ಮೇಲೆ ಒಳಗೆ ಹೋಗಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಬರಬರುತ್ತ ಜನ ಕಡಿಮೆಯಾದರು. ಖಾಲಿ ಬೆಂಚು ಕಂಡರೆ ಯಜಮಾನನಿಗೆ ಮೈಯೆಲ್ಲ ಉರಿ. ಒಂದು ಸಂಜೆ ಅವನ ಕೈ ಗಾಳಿಯಲ್ಲಿ ದಾಟಲಿಲ್ಲ. ಕೆನ್ನೆಗೆ ಬಿತ್ತು, ಮತ್ತೆ ಬಿತ್ತು. ಕೂದಲು ಹಿಡಿದು ಹಲಗೆಗೆ ಕುಕ್ಕಿದ. ತುಟಿ ಒಡೆದು ಬಾಯಿ ತುಂಬ ರಕ್ತ. ಅವಳು ಪಾರ್ಟಿನ ಮಾತೆಲ್ಲ ಮರೆತು ಜನರ ಕಡೆ ಕೈಚಾಚಿ ಕಿರುಚಿದಳು: "ಇದು ನಾಟಕ ಅಲ್ಲ! ನಿಜವಾಗ್ಲೂ ಹೊಡೀತಿದಾನೆ! ಯಾರಾದ್ರೂ ಬಿಡಿಸಿ!"

ಬಿಡಿಸಿದರೇ? ಶಿಳ್ಳೆ ಹೊಡೆದರು ಪುಣ್ಯಾತ್ಮರು! ಚಾವಣಿ ಕಿತ್ತುಹೋಗುವ ಹಾಗೆ ಚಪ್ಪಾಳೆ. ಮರೆಯಲ್ಲಿ ಕೂತು ಮಾತು ನೆನಪಿಸುತ್ತಿದ್ದವನಂತೂ, ಇವಳು ಇಲ್ಲದ್ದನ್ನೆಲ್ಲ ಸೇರಿಸುತ್ತಿದ್ದಾಳೆಂದು ಗೊಣಗಿದ. ಒಳಗೆ ಬಂದವಳಿಗೆ ಜೊತೆಯ ನಟರು, "ಇವತ್ತು ಬೆಂಕಿ ಹಚ್ಚಿಬಿಟ್ರಿ ಬಿಡಿ!" ಎಂದು ಶಹಬ್ಬಾಸ್ ಹೇಳಿದರು. ಬೆಳಿಗ್ಗೆ ಗಂಡ ಚಹಾ ಕುಡಿಯುತ್ತ ಅಂದ: "ಆ ಮಾತು ಚೆನ್ನಾಗಿತ್ತು ಕಣೇ. ಇನ್ಮೇಲೆ ದಿನಾ ಅದನ್ನೇ ಹೇಳು."

ಅಂದಿನಿಂದ ಸಹಾಯಕ್ಕೆ ಕೂಗುವ ಮಾತೂ ಪಾರ್ಟಿನ ಮಾತಾಯಿತು. ಇನ್ನು ಅವಳು ಏನೆಂದು ಕೂಗಬೇಕು, ನೀವೇ ಹೇಳಿ.

ಮೇಕಪ್ಪು ಮಾಡುತ್ತಿದ್ದ ನಾದಿನಿ ಸ್ವಲ್ಪ ದಿನ ಪೌಡರು ಮೆತ್ತಿ ನೋಡಿದಳು. ಆಮೇಲೆ, "ಅತ್ತಿಗೆ, ಇದನ್ನ ಮುಚ್ಚೋದು ನನ್ನ ಕೈಲಾಗಲ್ಲ" ಎಂದು ಡಬ್ಬಿ ಕೈಗಿಟ್ಟು ಎದ್ದುಹೋದಳು. ಕನ್ನಡಿಯ ಮುಂದೆ ಗುಡುಗಮ್ಮ ಒಬ್ಬಳೇ ಕೂತಳು. ಏಟು ಮೊದಲು ಕೆಂಪಗಿರುತ್ತದೆ, ಆಮೇಲೆ ನೇರಳೆ, ಅಂಚಿನಲ್ಲಿ ಹಸಿರು ಹುಟ್ಟಿ ಕೊನೆಗೆ ಹಳದಿಯಾಗಿ ಮಾಸುತ್ತದೆ. ನೇರಳೆಯ ಮೇಲೆ ಬರೀ ಪೌಡರು ನಿಲ್ಲುವುದಿಲ್ಲ, ಅಡಿಯಲ್ಲಿ ಹಳದಿ ಬಳಿಯಬೇಕು. ಹಸಿರಿಗೆ ಕೆಂಪು ಬೇಕು. ತನ್ನ ಮುಖದ ಮೇಲೇ ಅವಳು ಬಣ್ಣ ಬೆರೆಸುವುದನ್ನು ಕಲಿತಳು.

ಕೊನೆಗೆ ಒಂದು ಏಟು ಎಡಗಿವಿಯ ಮೇಲೆ ಬಿತ್ತು. ಕಿವಿಯ ತಮಟೆ ಒಡೆದು ರಕ್ತ ಕುತ್ತಿಗೆಗಿಳಿಯಿತು. ಆ ಕಿವಿಗೆ ಆಮೇಲೆ ಏನೂ ಕೇಳಲಿಲ್ಲ. ನೆನಪಿಸುವವನ ಪಿಸುಮಾತು ಮುಟ್ಟದೆ ಅವಳು ರಂಗದ ಮೇಲೆ ತಡವರಿಸತೊಡಗಿದಳು. "ಕಿವುಡಿಯನ್ನ ಕಟ್ಕೊಂಡು ನಾಟಕ ಆಡಲಾ?" ಎಂದು ಯಜಮಾನ ಅವಳನ್ನು ಹಿಂದಿನ ಕೊಟ್ಟಿಗೆಗೆ ದಬ್ಬಿದ. ಎಂಥ ದಪ್ಪ ಚರ್ಮದ ಮನುಷ್ಯ ನೋಡಿ!

ಕೊಟ್ಟಿಗೆಯಲ್ಲಿ ಪರದೆ ಬರೆಯುವ ಬಣ್ಣದಜ್ಜನಿದ್ದ. ಅವನ ಕೈ ನಡುಗುತ್ತಿತ್ತು, ಇವಳ ಕೈ ಗಟ್ಟಿಯಿತ್ತು. "ಕಿವಿ ಹೋದ್ರೆ ಹೋಯ್ತು, ಬಾಮ್ಮ. ಇಲ್ಲಿ ಯಾರೂ ಮಾತಾಡಲ್ಲ" ಎಂದು ಉದ್ದನೆ ಹಿಡಿಯ ಕುಂಚ ಕೊಟ್ಟ. ನೆಲದ ಮೇಲೆ ಹಾಸಿದ ಬಟ್ಟೆಯ ಮೇಲೆ ಬರಿಗಾಲಲ್ಲಿ ಓಡಾಡುತ್ತ ಅವಳು ಅರಮನೆ ಬರೆದಳು, ಕಾಡು ಬರೆದಳು, ಬೀದಿ ಬರೆದಳು. ಒಮ್ಮೆ ಅವಳು ಬರೆದ ಸಂಜೆಯ ಆಕಾಶ ನೋಡಿ ಅಜ್ಜ ಬೆರಗಾಗಿ ಕೇಳಿದ: "ಈ ಬಣ್ಣ ಬೆರೆಸೋದು ಯಾರು ಹೇಳ್ಕೊಟ್ರು ನಿಂಗೆ?"

"ನಿಮ್ಮ ಯಜಮಾನ್ರು."

ಅಜ್ಜ ಮುಖ ಆ ಕಡೆ ತಿರುಗಿಸಿಕೊಂಡು ಕುಂಚ ತೊಳೆಯಲು ಕೂತ.

ಅವಳಿಗೊಬ್ಬಳು ಮಗಳು. ಪರದೆಯ ಮರೆಯಲ್ಲೇ ಹುಟ್ಟಿ ಬೆಳೆದ ಹುಡುಗಿ, ನಾಟಕವೆಂದರೆ ಪ್ರಾಣ. ಅವಳು ಎತ್ತರಕ್ಕೆ ಬೆಳೆಯುವ ಹೊತ್ತಿಗೆ ಯಜಮಾನನಿಗೂ ತಲೆ ನರೆತಿತ್ತು. ಅವನು ನಾಟಕವನ್ನೇ ತಿದ್ದಿದ. ಈಗ ಅವನು ಹೆಂಡತಿ ಸತ್ತ ಕುಡುಕ ಅಪ್ಪ, ಏಟು ತಿನ್ನುವವಳು ಮಗಳು. ಗುಡುಗಮ್ಮ ಕುಂಚ ಅಲ್ಲೇ ಬಿಟ್ಟು ಮಗಳ ಬಳಿ ಓಡಿದಳು. ತಾನು ತಿಂದದ್ದು ತನ್ನಲ್ಲೇ ಮುಗಿಯಲಿ, ಮಗಳ ಮೈಗೆ ಆ ಕೈ ತಾಗಬಾರದು. ಅವಳಿಗೆ ಬೇಕಿದ್ದದ್ದು ಅಷ್ಟೇ.

"ಬೇಡ ಕಣೇ, ನನ್ನ ಮಾತು ಕೇಳು."

"ನಿಂಗೆ ಹೊಟ್ಟೆಕಿಚ್ಚು ಅಮ್ಮ. ನಿನ್ನ ಪಾರ್ಟು ನಂಗೆ ಸಿಕ್ತು ಅಂತ."

ಗಂಡನನ್ನು ಕೇಳಿದರೆ, "ಹೆತ್ತ ಮಗಳಿಗೆ ಹೊಡೀತೀನೇನೇ? ನಾನೇನು ರಾಕ್ಷಸನಾ?" ಎಂದು ಹೌಹಾರಿದ.

ಒಂದು ಮಧ್ಯಾಹ್ನ ಮಗಳು ಮುಖ ತೊಳೆದು ಬರುತ್ತಿದ್ದಳು. ದವಡೆಯ ಕೆಳಗೆ ಮಾಸಿದ ಹಳದಿ, ಅದರ ಮೇಲೆ ಹೊಸ ನೇರಳೆ. ಗುಡುಗಮ್ಮ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಬಾಗಿಲು ತಗುಲ್ತು ಅಮ್ಮ."

"ಬಾಗಿಲಿಗೆ ಬೆರಳಿರಲ್ಲ ಕಣೇ."

ಮಗಳು ಕೊಸರಿಕೊಂಡಳು. "ಪಾರ್ಟಿಗೆ ಬೇಕಾಗತ್ತೆ. ನೀನು ತಡ್ಕೊಂಡಿಲ್ವಾ? ನಾನೂ ತಡ್ಕೋತೀನಿ!" ಎಂದವಳೇ ಮೇಕಪ್ಪಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಆ ಸಂಜೆ ಬೆಂಚುಗಳೆಲ್ಲ ತುಂಬಿದ್ದವು. ಗುಡುಗಮ್ಮ ಪಕ್ಕದ ಮರೆಯಲ್ಲಿ ಒಳ್ಳೆಯ ಕಿವಿ ರಂಗದ ಕಡೆ ಮಾಡಿ ನಿಂತಳು. ಕೈಯಲ್ಲಿ ಬಟ್ಟೆ ಕುಯ್ಯುವ ಚೂರಿ ಹಾಗೇ ಇತ್ತು. ಏಟು ಬಿತ್ತು. ಅದು ಅಂಗೈ ತಟ್ಟಿದ ಸದ್ದಲ್ಲ, ದವಡೆಯ ಸದ್ದು. ಹುಡುಗಿ ಮುಗ್ಗರಿಸಿ ರಂಗದ ಮುಂದಿನ ಅಂಚಿಗೆ ಬಿದ್ದಳು. "ಇದು ನಾಟಕ ಅಲ್ಲ! ಯಾರಾದ್ರೂ ಬಿಡಿಸಿ!" ಎಂದಳು, ಪಾರ್ಟಿನಲ್ಲಿದ್ದ ಹಾಗೇ. ಜನ ಶಿಳ್ಳೆ ಹೊಡೆದರು. ಅವನು ಸೊಂಟದ ಬೆಲ್ಟು ಬಿಚ್ಚಿ ಹಿಂದಿನ ಪರದೆಯವರೆಗೆ ಸರಿದು ಓಡಿಬಂದು ಬಾರಿಸಲು ನಿಂತ. ಆಗ ಹುಡುಗಿ ಕೂಗಿದಳು: "ಅಮ್ಮಾ!"

ನಾಟಕದಲ್ಲಿ ಅಮ್ಮ ಸತ್ತಿದ್ದಾಳೆ. ಆ ಮಾತು ಪಾರ್ಟಿನಲ್ಲಿರಲಿಲ್ಲ.

ಗುಡುಗಮ್ಮ ಒಂದು ಹೆಜ್ಜೆ ಮುಂದಿಟ್ಟವಳು ಹಾಗೇ ನಿಂತಳು. ತಾನು ಓಡಿಹೋಗಿ ಅವನ ಕುತ್ತಿಗೆ ಹಿಸುಕಿದರೂ ಈ ಮಂದಿ ಚಪ್ಪಾಳೆಯನ್ನೇ ಹೊಡೆಯುತ್ತಾರೆ! ಅವರಿಗೆ ಎಲ್ಲವೂ ನಾಟಕ. ಹಾಗಾದರೆ ನಾಟಕವನ್ನೇ ಒಡೆಯಬೇಕು. ಅವಳು ಹಿಂದಿನ ಪರದೆ ಎತ್ತಿ ಕಟ್ಟಿದ್ದ ಹಗ್ಗಕ್ಕೆ ಚೂರಿ ಹಾಕಿದಳು, ಹಲ್ಲುಕಚ್ಚಿ ಕುಯ್ದಳು.

ಮೇಲೆ ಕಟ್ಟಿದ್ದ ತೊಲೆ ಸಮೇತ ಪರದೆ ಕುಸಿಯಿತು. ತೊಲೆ ಯಜಮಾನನ ಭುಜದ ಮೇಲೆ ಬಿದ್ದು ಎಲುಬು ಲಟಕ್ಕೆಂದಿತು. ದೂಳು ಇಳಿದಾಗ ಜನಕ್ಕೆ ಕಂಡದ್ದು ಬೋಳು ಗೋಡೆ, ಬಣ್ಣದ ಡಬ್ಬಗಳು, ಬಾಯಿ ಬಿಟ್ಟು ನಿಂತ ಅರ್ಧ ಮೇಕಪ್ಪಿನ ನಟರು. ಆ ನಿಶ್ಶಬ್ದದಲ್ಲಿ ಗುಡುಗಮ್ಮ ಮಗಳನ್ನು ಎತ್ತಿ ನಿಲ್ಲಿಸಿ, ಅವಳ ಮುಖದ ಪೌಡರನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿ ತೋರಿಸಿದಳು. ಮುಂದಿನ ಬೆಂಚಿನ ಹೆಂಗಸೊಬ್ಬಳು, "ಅಯ್ಯೋ, ನಿಜ ಕಣ್ರೋ!" ಎಂದು ಎದ್ದಳು. ಆಮೇಲೆ ಎಲ್ಲರೂ ಎದ್ದರು, ರಂಗ ಹತ್ತಿದರು, ಯಜಮಾನನನ್ನು ದರದರ ಎಳೆದರು. ಅಷ್ಟು ವರ್ಷ ಚಪ್ಪಾಳೆ ತಟ್ಟಿದ ಕೈಗಳೇ ಅವನ ಅಂಗಿ ಹರಿದವು. ಪೊಲೀಸರು ವಿಚಾರಿಸಿದಾಗ ಗುಡುಗಮ್ಮ, "ಹಗ್ಗ ಕಡಿದೋಳು ನಾನೇ. ತೊಲೆ ಎಲ್ಲಿ ಬೀಳಬೇಕು ಅನ್ನೋದು ತೊಲೆಗೆ ಬಿಟ್ಟದ್ದು" ಎಂದಳು.

ತಾಯಿ ಮಗಳು ಊರ ಅಂಚಿನಲ್ಲಿ ಒಂದು ಹಳೇ ಗೋದಾಮು ಬಾಡಿಗೆಗೆ ಹಿಡಿದರು. ಮಗಳು ಹೊಲಿಗೆ ಹಾಕಿದಳು, ಇವಳು ಅಂಗಡಿ ಬೋರ್ಡು ಬರೆದಳು. ಆಮೇಲೆ ತನ್ನದೇ ಚಿತ್ರಗಳು. ಪರದೆಯ ಅಳತೆ ಬಿಟ್ಟು ಚಿಕ್ಕದು ಗೊತ್ತೇ ಇರಲಿಲ್ಲವಾದ್ದರಿಂದ ಒಂದೊಂದನ್ನು ಹೊರಗೆ ಸಾಗಿಸಲು ಬಾಗಿಲು ಕೀಳಬೇಕಾಗುತ್ತಿತ್ತು, ಮಾಲೀಕನ ಬೈಗುಳ ಬೇರೆ! ಎತ್ತಿದ ಕೈಗಳು, ಮುರಿದ ಕುರ್ಚಿಗಳು, ಬಿದ್ದ ಹೆಂಗಸರು. "ಇದನ್ನ ಮನೇಲಿ ಹಾಕಿದ್ರೆ ನಿದ್ದೆ ಬರುತ್ತಾ?" ಎಂದು ಗೊಣಗಿದವರೇ ಮತ್ತೆ ಬಂದು ಕೊಂಡರು. ಪೇಟೆಯಲ್ಲಿ ಪ್ರದರ್ಶನವಾಯಿತು, ಹೆಸರು ಬಂತು.

ಒಂದು ಬೆಳಿಗ್ಗೆ ಮಗಳು ಹೊಸ ಚಿತ್ರದ ಮುಂದೆ ನಿಂತಿದ್ದಳು. ಆ ಸಂಜೆಯದೇ ಚಿತ್ರ. ಬೀಳುತ್ತಿರುವ ತೊಲೆ, ಅಂಚಿನಲ್ಲಿ ಬಿದ್ದ ಹುಡುಗಿ.

"ಇದರಲ್ಲಿ ನೀನೆಲ್ಲಿ ಅಮ್ಮ?"

"ನಾನ್ಯಾಕೆ? ಏಟು ಬಿದ್ದದ್ದು ನಿಂಗೆ."

ಮಗಳು ಚಿತ್ರದ ತೊಲೆಯ ತುದಿಯ ಹಗ್ಗದ ಮೇಲೆ ಬೆರಳಿಟ್ಟಳು. "ನಿನ್ನ ಕಾಲದಲ್ಲೂ ಆ ಹಗ್ಗ ಅಲ್ಲೇ ಇತ್ತಲ್ವಾ?"

"ಇತ್ತು."

"ಮತ್ತೆ ಅಷ್ಟು ವರ್ಷ ಯಾಕೆ ಕಡೀಲಿಲ್ಲ?"

ಗುಡುಗಮ್ಮ ಅವಳನ್ನು ಬೈದು ಬಾಯಿ ಮುಚ್ಚಿಸಬಹುದಿತ್ತು, ಆಗಲಿಲ್ಲ. ಸ್ಟೂಲಿನ ಮೇಲೆ ಕುಸಿದು, ಬಣ್ಣದ ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ನನಗೋಸ್ಕರಾನೂ ಕಡೀಬಹುದು ಅಂತ ತೋಚಲೇ ಇಲ್ಲ ಕಣೇ."