ಮಂತ್ರಗಾರ್ತಿಯ ಕೈ ಕಟ್ಟಿಹಾಕುವ ಪರ್ಲ ಟೀಚರ್

ಬೀದರದ ಚಿದ್ರಿ ಬಡಾವಣೆಯ ಪುಟ್ಟ ಅಡುಗೆಮನೆಗೆ ಇನ್ನೂ ಬೆಳಕು ಬಂದಿಲ್ಲ. ಒಲೆಯ ಮೇಲೆ ಅನ್ನಕ್ಕೆ ಎಸರು ಕಾಯುತ್ತಿದೆ. ಪರ್ಲ ನೆಲದ ಮೇಲೆ ಹಳೆಯ ಟವೆಲ್ ಹಾಸಿ, ಇಪ್ಪತ್ತು ಮುಖದ ದಾಳವೊಂದನ್ನು ಅದರ ಮೇಲೆ ಉರುಳಿಸುತ್ತಾರೆ. ಬರಿ ನೆಲಕ್ಕೆ ಹಾಕಿದರೆ ಸದ್ದಿಗೆ ಅತ್ತೆ ಏಳುತ್ತಾರೆ. ಹದಿನಾಲ್ಕು. ಬರೆದುಕೊಂಡು ಮತ್ತೆ ಉರುಳಿಸುತ್ತಾರೆ.

"ಪ್ರಾರ್ಥನಿಗಿಂತ ಮೊದ್ಲ ದಾಳ ಹಿಡಿಯೋ ಸೊಸಿ ಇಡೀ ಬೀದರದಾಗ ನನ್ನಾಕಿ ಒಬ್ಬಾಕಿನೇ!" ಒಳಗಿನಿಂದ ಅತ್ತೆ ಕ್ಯಾಥರಿನಮ್ಮನ ದನಿ. ಟವೆಲ್ ಇದ್ದರೂ ಎದ್ದಿದ್ದಾರೆ.

ಪರ್ಲ ಭಾಲ್ಕಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ. ಬಸ್ಸಿಗೆ ಮುಂಚಿನ ಈ ಒಂದು ತಾಸು ಇನ್ನೊಂದು ಕೆಲಸಕ್ಕೆ. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಕಟ್ಟಿ, ಗೆಲುವು ಸೋಲನ್ನು ದಾಳಕ್ಕೆ ಬಿಡುವ ಆಟವೊಂದನ್ನು ಕೆಲವು ಗೆಳೆಯರು ಕನ್ನಡದಲ್ಲಿ ಪುಸ್ತಕ ಮಾಡುತ್ತಿದ್ದಾರೆ. ಅದರಲ್ಲಿ ರೂಪ ಬದಲಿಸುವ ಮಂತ್ರಗಾರರ ನಿಯಮಗಳನ್ನು ತೂಗಿ ನೋಡುವವರು ಪರ್ಲ. ಇಪ್ಪತ್ತಾರು ಪ್ರಾಣಿಗಳು, ಒಂದೊಂದಕ್ಕೂ ನೂರು ಸಲ ದಾಳ.

"ಮಂತ್ರಗಾರ್ತಿ ಕರಡಿ ಆದ್ಲು ಅನ್ರಿ. ಕರಡಿ ಬಲಾನೂ ಬಂತು, ಮಂತ್ರಾನೂ ಉಳೀತು. ಕರಡಿ ಸತ್ರ ಒಂದು ಗಾಯ ಇಲ್ದ ಅಕಿ ಎದ್ದು ನಿಂತ್ಲು. ಹಂಗಾದ್ರ ಬಾಜೂಕ ಕತ್ತಿ ಹಿಡಿದು ಕುಂತಾಕಿ ಏನ್ ಮಾಡ್ಬೇಕ್ರಿ?" ಎಂದು ಪರ್ಲ ಕೇಳುತ್ತಾರೆ.

ಕತ್ತಿ ಹಿಡಿದು ಕುಳಿತಿದ್ದವರು ರುಖ್ಸಾರ, ಆಗ ಅದೇ ಶಾಲೆಯಲ್ಲಿದ್ದ ಕಿರಿಯ ಟೀಚರ್. ಮೂರು ವರ್ಷದ ಹಿಂದೆ ಇದೇ ಮನೆಯ ಮೇಜಿಗೆ ನಾಲ್ವರು ಸೇರುತ್ತಿದ್ದರು. ಒಂದು ಭಾನುವಾರ ಪರ್ಲರ ಮಂತ್ರಗಾರ್ತಿ ಕರಡಿಯಾಗಿ, ಗಿಡುಗವಾಗಿ, ಹಾವಾಗಿ ಎರಡು ತಾಸು ಒಬ್ಬಳೇ ಆಡಿದಳು. "ನಾ ಯಾಕ ಬಂದೇನಿ ಅಕ್ಕಾ, ಚಾ ಮಾಡ್ಲಾಕ?" ಎಂದರು ರುಖ್ಸಾರ. ಎಲ್ಲರೂ ನಕ್ಕರು. ಮುಂದಿನ ಭಾನುವಾರ ಅವರು ಬರಲಿಲ್ಲ. ಆಮೇಲೆ ಔರಾದ ತಾಲ್ಲೂಕಿನ ಸಂತಪುರಕ್ಕೆ ವರ್ಗವಾಯಿತು.

"ನಾನೂ ನಕ್ಕೀನ್ರಿ," ಪರ್ಲ ದಾಳವನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾರೆ. "ಅದೇ ಹೊಟ್ಟ್ಯಾಗ ಕುಂತದ."

ಅವರ ನಿಯಮಗಳು ಹುಟ್ಟಿದ್ದು ಅಲ್ಲಿಂದ. ಪ್ರಾಣಿಯ ಬಾಯಿ ಬಂದರೆ ಮಂತ್ರವಿಲ್ಲ. ಕರಡಿಗೆ ಆದ ಗಾಯ ಮಂತ್ರಗಾರ್ತಿಯ ಮೈಯಲ್ಲೂ ಉಳಿಯಬೇಕು.

ಹೋದ ವಾರ ಧೈರ್ಯ ಮಾಡಿ ರುಖ್ಸಾರರಿಗೆ ಫೋನ್ ಹಚ್ಚಿದರು. ಈ ಸಲ ಮಂತ್ರಗಾರ್ತಿ ನೀನೇ ಆಗಿ ಪರೀಕ್ಷೆ ಮಾಡು ಎಂದರು. ಫೋನಿನಲ್ಲೇ ಆಟ ಶುರುವಾಗಿ, ಕಥೆಯಲ್ಲಿ ರುಖ್ಸಾರರಿಗೆ ಬೀಗ ಹಾಕಿದ ಬಾಗಿಲೊಂದು ಎದುರಾಯಿತು.

"ಎಲಿ ಆಗ್ತೇನಿ ಅಕ್ಕಾ."

"ಹಂಗಾದ್ರ ಬೆಕ್ಕು ಬಂತು. ದಾಳ ಹಾಕು!"

"ಇಲಿ ಅಲ್ರೀ ಅಕ್ಕಾ, ಎಲಿ! ಗಿಡದ ಎಲಿ. ಎಲಿ ತಿನ್ನೋ ಬೆಕ್ಕು ನಿಮ್ಮ ಚಿದ್ರ್ಯಾಗ ಅದ ಏನ್ರಿ?"

ಬೀದರ ಸೀಮೆಯಲ್ಲಿ ಎಲೆ ಎಂದರೆ ಎಲಿ. ಫೋನಿನಲ್ಲಿ ಪರ್ಲರ ಕಿವಿಗೆ ಬಿದ್ದದ್ದು ಇಲಿ. ಮೂರು ವರ್ಷದ ಮೇಲೆ ಇಬ್ಬರೂ ಕೂಡಿ ನಕ್ಕರು.

ಎಲೆ ಪುಸ್ತಕದಲ್ಲಿ ಇರಲಿಲ್ಲ. ಪರ್ಲ ಅಲ್ಲೇ ಬರೆದರು. ಎಲೆ ಬಾಗಿಲ ಸಂದಿಯಲ್ಲಿ ತೂರೀತು, ಆದರೆ ಎತ್ತ ಹೋಗಬೇಕೆಂಬುದು ಗಾಳಿಯ ಇಷ್ಟ, ಅದಕ್ಕೂ ಒಂದು ದಾಳ.

"ಗಾಳಿ ದಾಳ ಯಾರು ಹಾಕೋದ್ರಿ?"

"ಕತ್ತಿ ಹಿಡಿದಾಕಿ."

ಭಾನುವಾರದ ಮಾತನ್ನು ರುಖ್ಸಾರರೇ ಎತ್ತಿದರು: "ಐತವಾರ ಬಸ್ ಸಿಕ್ರ ಬರ್ತೇನಿ ಅಕ್ಕಾ."

ಎಸರು ಉಕ್ಕುತ್ತದೆ. ಪರ್ಲ ಎದ್ದು ಅಕ್ಕಿ ಹಾಕುತ್ತಾರೆ. ಹಾಗೇ ಒಳಗೆ ಹೋಗಿ, ಮೂರು ವರ್ಷದಿಂದ ಮಡಿಚಿದ ಬಟ್ಟೆ ಹೊತ್ತು ನಿಂತಿರುವ ನಾಲ್ಕನೇ ಕುರ್ಚಿಯನ್ನು ಖಾಲಿ ಮಾಡುತ್ತಾರೆ.

"ಪುಸ್ತಕದಾಗ ನನ್ನ ಹೆಸರು ಹಾಕ್ಲಿ, ಬಿಡ್ಲಿ. ಐತವಾರ ಮಂತ್ರಗಾರ್ತಿ ಅಕಿ ಆಗ್ಲಿ, ಕತ್ತಿ ನಾ ಹಿಡಿತೇನ್ರಿ. ಚಾನೂ ನಾನೇ ಮಾಡ್ತೇನಿ."