ಕೋಪದಿಂದ ಬಲಕ್ಕೆ ನಿರ್ಗಮನ

ಪಂಜ ಪೇಟೆಯಲ್ಲಿ ಪಿಕಪ್ ಓಡಿಸುವ ಅಚ್ಚುತನಿಗೆ ಟೈಲರ್ ತ್ಯಾಂಪಣ್ಣನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಯುವಕ ಮಂಡಲದ ಮೊದಲ ನಾಟಕದಲ್ಲಿ ಅಚ್ಚುತ ಸೇನಾಪತಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಪುಸ್ತಕ ನೋಡಿ ಬಾಯಿಪಾಠ ಮಾಡುವುದು ಆಗದ ಕೆಲಸ. ಪರದೆಯ ಹಿಂದಿನಿಂದ ತ್ಯಾಂಪಣ್ಣ ಮೆಲ್ಲಗೆ ಓದಿಕೊಟ್ಟದ್ದನ್ನು ಗುಡುಗಿನ ಸ್ವರದಲ್ಲಿ ಹೇಳುವುದಷ್ಟೇ ಅವನ ಪಾಲು. ಆ ದಿನ ತ್ಯಾಂಪಣ್ಣ, ನಟ ಬಾಯಲ್ಲಿ ಹೇಳದೆ ಮಾಡಿ ತೋರಿಸಬೇಕಾದ ಬ್ರಾಕೆಟ್ಟಿನೊಳಗಿನ ಸೂಚನೆಯನ್ನೂ ಓದಿಬಿಟ್ಟ. ಅಚ್ಚುತ ಕತ್ತಿ ಎತ್ತಿ ಮಹಾರಾಜನ ಮುಖಕ್ಕೇ ಹೇಳಿದ: “ಕೋಪದಿಂದ ಬಲಕ್ಕೆ ನಿರ್ಗಮನ.” ಹೇಳಿ ಅಲ್ಲೇ ನಿಂತ.

ಸತ್ತುಬಿದ್ದಿದ್ದ ಸೈನಿಕರೂ ಎದ್ದು ಕೂತು ನಕ್ಕರು.

ಅಂದಿನಿಂದ ಅದು ಊರಿನ ಮಾತಾಯಿತು. ಬಸ್ಸು ಯಾರನ್ನೂ ಕಾಯದೆ ಹೊರಟರೆ ಅದೇ ಮಾತು, ಹಗ್ಗ ಕಿತ್ತು ಓಡಿದ ದನಕ್ಕೂ ಅದೇ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಚ್ಚುತ ಬಟ್ಟಲು ಬಿಟ್ಟೆದ್ದರೆ ಹೆಂಡತಿ ಕಮಲಾವತಿ, “ಬಲಕ್ಕೆ ಹೋಗುದಾದ್ರೆ ಕೈ ತೊಳ್ದು ಹೋಗಿ” ಎನ್ನುತ್ತಿದ್ದಳು.

ಟೈಲರ್ ಸಿಕ್ಕಿದಾಗಲೆಲ್ಲ ಅಚ್ಚುತ ಕೇಳುತ್ತಿದ್ದ: “ತ್ಯಾಂಪಣ್ಣ, ತಪ್ಪಿ ಓದಿದ್ದು ನಾನು ಅಂತ ಊರಿನವರ ಎದುರು ಒಮ್ಮೆ ಹೇಳಿ. ನಂಗೆ ಅಷ್ಟು ಸಾಕು.”

“ಹೇಳುವ ಮಾರಾಯ. ಜನ ಸೇರ್ಲಿ.”

ಈ ವರ್ಷ ಮಂಡಲದ ಬೆಳ್ಳಿಹಬ್ಬಕ್ಕೆ ಜನ ಸೇರಿತು. ಸನ್ಮಾನದ ಶಾಲು ಹೊದ್ದ ತ್ಯಾಂಪಣ್ಣ ಮೈಕು ಹಿಡಿದ. ಎದುರಿನ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿದ ಅಚ್ಚುತ. ತ್ಯಾಂಪಣ್ಣ ತನ್ನ ಹೊಲಿಗೆ ಮಿಷನಿನಿಂದ ಶುರುಮಾಡಿದ, ಮಹಾರಾಜನ ಅಂಗಿಗೆ ಬಟ್ಟೆ ಸಾಲದೆ ಮಂಡಲದ ಬ್ಯಾನರ್ ಕತ್ತರಿಸಿದ್ದಕ್ಕೆ ಬಂದ, ಅಲ್ಲಿಂದ ಪುತ್ತೂರಿನ ಬಟ್ಟೆ ಅಂಗಡಿಗೆ ಹೋದ.

“ವಿಷಯಕ್ಕೆ ಬನ್ನಿ” ಎಂದು ಅಚ್ಚುತ ಕುಳಿತಲ್ಲಿಂದಲೇ ಹೇಳಿದ.

“ಬಂದೆ ಮಾರಾಯ. ಆ ನಾಟಕದ ದಿನ ಎಂತ ಆದದ್ದು ಅಂದ್ರೆ, ಮೊದಲು ಪರದೆಯ ಬಣ್ಣ ಹೇಳ್ಬೇಕು...”

ಅಚ್ಚುತನ ತಲೆ ಕೆಟ್ಟಿತು. “ಪರದೆಯೂ ಬೇಡ, ನೀವೂ ಬೇಡ” ಎಂದು ಕುರ್ಚಿ ದೂಡಿ ಎದ್ದ. ಬಾಗಿಲಿದ್ದದ್ದು ಬಲಕ್ಕೆ. ಅದಕ್ಕೇ ಹಠದಿಂದ ಎಡಕ್ಕೆ ನಡೆದ. ಅಲ್ಲಿ ಬಾಡಿಗೆ ಕುರ್ಚಿಗಳ ರಾಶಿ, ಅದರ ಹಿಂದೆ ಗೋಡೆ. ತಿರುಗಿ ನೋಡಿದರೆ ಇಡೀ ಸಭೆ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಅವನು ಬಲಕ್ಕೆ ಹೆಜ್ಜೆ ಇಟ್ಟದ್ದೇ ತಡ, ಅಜ್ಜಿಯರಿಂದ ಹಿಡಿದು ಎಲ್ಲರೂ ಒಂದೇ ಸ್ವರದಲ್ಲಿ ಅದೇ ಮಾತು ಹೇಳಿದರು. ಕಮಲಾವತಿಯೂ.

ನಗು ನಿಲ್ಲುವಷ್ಟರಲ್ಲಿ ಊಟಕ್ಕೆ ಕರೆಯಾಯಿತು. ತ್ಯಾಂಪಣ್ಣ ಮೈಕು ಇಟ್ಟು, ಪಾಯಸದ ಲೋಟ ಹಿಡಿದು, ಹೊರಗೆ ಅಚ್ಚುತ ಹೋಗಿ ಕೂತಿದ್ದ ಪಿಕಪ್ಪಿನ ಹತ್ತಿರ ಬಂದ.

“ಹೇಳುವವನೇ ಇದ್ದೆ ಮಾರಾಯ. ಎದ್ದು ಹೋದದ್ದು ನೀನಲ್ವಾ?”

ಅಚ್ಚುತ ಲೋಟ ಕಿತ್ತುಕೊಂಡ. ಪಾಯಸ ಕುಡಿದು ಮುಗಿಸಿದ. ಊರಿನವರ ಎದುರು ತ್ಯಾಂಪಣ್ಣ ಹೇಳಬೇಕಾದ ಆ ಒಂದು ಮಾತು ಈಗಲೂ ಬಾಕಿಯೇ ಇದೆ.