ಮುಖ ಬಿಟ್ಟುಹೋದ ವ್ಯಾಖ್ಯೆ

ನಮ್ಮ ಸೀನಿಯರ್ ವಕೀಲರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಕರಡು ಓದುವಾಗ ಅದನ್ನು ಸಾಲಿನಡಿ ಒತ್ತಿಕೊಂಡು ಹೋಗುತ್ತಿದ್ದರು. ಒಪ್ಪದ ಪದ ಬಂದರೆ ಕಾಗದದ ಮೇಲೆ ಗೀರು ಬೀಳುತ್ತಿತ್ತು. ಹಾಸನದ ಅವರ ಆಫೀಸಿಗೆ ಜೂನಿಯರ್ ಆಗಿ ಸೇರಿದ ಮೇಲೆ ನನ್ನ ಎಷ್ಟೋ ಕರಡುಗಳಿಗೆ ಆ ಗೀರು ಬಿದ್ದಿದೆ.

ಅವರು ಸಾಲಗಾಮೆ ಕಡೆಯವರು. ಉದ್ದದ ಕರಾರು ಕಂಡರೆ ಅವರಿಗಾಗದು. "ಸೈನ್ ಹಾಕೋನ್ಗೆ ಅರ್ಥ ಆಗ್ಬೇಕು ಕಣಮ್ಮ. ಇಲ್ದಿದ್ರೆ ಬರ್ದು ಏನ್ ಬಂತು?" ಎನ್ನುತ್ತಿದ್ದರು.

ಹೊಳೆನರಸೀಪುರದ ಫೋಟೋ ಸ್ಟುಡಿಯೋದವನೊಬ್ಬ, ಆಲ್ಬಂ ಮುದ್ರಿಸುವ ಕಂಪನಿಯ ಜೊತೆಗಿನ ಕರಾರನ್ನು ಅವರಿಂದಲೇ ಬರೆಸಿದ. ಗ್ರಾಹಕರ ವೈಯಕ್ತಿಕ ಮಾಹಿತಿಯನ್ನು ಕಂಪನಿ ಬೇರೆ ಕೆಲಸಕ್ಕೆ ಬಳಸಬಾರದೆಂಬ ಷರತ್ತಿತ್ತು. ಆ ಮಾಹಿತಿ ಎಂದರೇನು? ವ್ಯಕ್ತಿಯ ಗುರುತು ಹತ್ತುವ ಯಾವುದೇ ಮಾಹಿತಿ ಎನ್ನುತ್ತದೆ ಕಾನೂನು. ಅದು ಅವರಿಗೆ ಸಡಿಲ ಅನ್ನಿಸಿತು. ಹೆಸರು, ವಿಳಾಸ, ಫೋನ್ ನಂಬರು, ಇಷ್ಟೇ ಎಂದು ವ್ಯಾಖ್ಯೆ ಬರೆಸಿದರು. ಸ್ಟುಡಿಯೋದವನು ಓದಿ, "ಈಗ ಅರ್ಥ ಆಯ್ತು ಸಾ" ಎಂದ.

ಮುಂದಿನ ವರ್ಷ ಅವನೇ ಬಂದು ಮೊಬೈಲ್ ತೋರಿಸಿದ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರ ಹೆರಿಗೆ ಆಸ್ಪತ್ರೆಯೊಂದರ ಫ್ಲೆಕ್ಸು. ಅದರಲ್ಲಿ ಹಸಿರು ಬಳೆ ತೊಟ್ಟು ನಗುವ ಬಸುರಿ. ಸೀಮಂತದಲ್ಲಿ ಅವನೇ ತೆಗೆದ ಫೋಟೋ. ಕಂಪನಿ ಅದನ್ನು ಜಾಹೀರಾತಿನವರಿಗೆ ಮಾರಿತ್ತು. ಆ ಹುಡುಗಿಯ ಮಗು ಉಳಿದಿರಲಿಲ್ಲ. ಕೇಳಿದ್ದಕ್ಕೆ ಕಂಪನಿಯವರು, ನಿಮ್ಮ ಕರಾರಿನ ಪ್ರಕಾರ ಫೋಟೋ ವೈಯಕ್ತಿಕ ಮಾಹಿತಿಯೇ ಅಲ್ಲವಲ್ಲ ಎಂದಿದ್ದರು.

ಸೀನಿಯರ್ ಕರಾರು ತರಿಸಿ ಓದಿದರು. ಕಿವಿಯವರೆಗೂ ಕೆಂಪಾದರು. "ಹೆಸ್ರು ಬರ್ದೆ, ಮುಖ ಬಿಟ್ಟೆ," ಎಂದರು.

ಅಂದೇ ಕಾನೂನಿನ ಮಾತನ್ನು ಮುಂದಿಟ್ಟು ಕಂಪನಿಗೆ ನೋಟಿಸು ಕಳಿಸಿದರು. ಆಮೇಲೆ ನನ್ನನ್ನೂ ಸ್ಟುಡಿಯೋದವನನ್ನೂ ಕರೆದುಕೊಂಡು ಅರಕಲಗೂಡಿನ ಆ ಹುಡುಗಿಯ ತವರಿಗೆ ಹೊರಟರು. ದಾರಿಯಲ್ಲಿ ಸ್ಟುಡಿಯೋದವನು, "ಕಂಪ್ನಿಯೋರ್ದೇ ತಪ್ಪು ಅಂದ್ಬುಡಿ ಸಾ" ಎಂದ.

ಬಾಗಿಲಲ್ಲೇ ನಿಂತು ಹೇಳಿದರು: "ತಾಯೀ, ಆ ಕರಾರು ಬರ್ದೋನು ನಾನು. ನಿಮ್ ಫೋಟೋ ಕಾಯೋ ಮಾತು ಅದ್ರಲ್ಲಿ ನಾನೇ ಬರೀಲಿಲ್ಲ. ತಪ್ಪಾಯ್ತು."

ಅವಳೆಂದಳು: "ಎಲ್ರೂ ನೋಡವ್ರೆ ಸಾ. ಮಗು ಎಂಗೈತೆ, ಗಂಡೋ ಎಣ್ಣೋ ಅಂತ ಫೋನ್ ಮಾಡ್ತಾರೆ. ನಾನೇನ್ ಯೋಳ್ಲಿ?"

ನಾನು ಹೊಸಿಲನ್ನೇ ನೋಡುತ್ತ ನಿಂತೆ. ಆ ಕರಡನ್ನು ಟೈಪ್ ಮಾಡಿದವಳು ನಾನೇ.

ನೋಟಿಸಿಗೆ ಹೆದರಿ ಕಂಪನಿ ಫ್ಲೆಕ್ಸು ತೆಗೆಸಲು ಒಪ್ಪಿತು. ಇಳಿಸುವ ದಿನ ಸೀನಿಯರ್ ತಾವೇ ಹೋಗಿ ಬಿಸಿಲಲ್ಲಿ ನಿಂತರು. ಕೆಲಸದವನು ಮಡಚಲು ಹೋದಾಗ, "ಮಡಚ್ಬೇಡ ಕಣಪ್ಪ, ಸುತ್ತು. ಮುಖ ಐತೆ," ಎಂದರು. ಅದನ್ನು ಬಿಸಾಡುವಂತಿರಲಿಲ್ಲ, ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಮತ್ತೆ ಅರಕಲಗೂಡಿಗೆ ಹೋಗಿ ಕೊಟ್ಟೆವು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು, ಬಾಗಿಲು ಹಾಕಿಕೊಂಡಳು.

ಗೆದ್ದಿರಲ್ಲ ಎಂದು ಯಾರಾದರೂ ಅಂದರೆ ಅವರು ಎದ್ದು ಹೋಗಿಬಿಡುತ್ತಿದ್ದರು. ಆಮೇಲಿನ ಕರಾರುಗಳಲ್ಲಿ ವ್ಯಾಖ್ಯೆಯನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. "ನಿಧಾನಕ್ಕೆ ಓದಮ್ಮ. ಯಾರೋ ಇದ್ನೇ ನಂಬ್ಕೊಂಡಿರ್ತಾರೆ." ನನ್ನ ಕಸುಬೆಲ್ಲ ಆ ಓದಿನಿಂದ ಕಲಿತದ್ದೇ.

ಹೋದ ವರ್ಷ ಅವರು ತೀರಿಕೊಂಡರು. ವಕೀಲರೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಮಾಡಿದೆವು, ಕಕ್ಷಿದಾರರಿಗೆಲ್ಲ ಹೇಳಿ ಕಳಿಸಿದೆವು.

ಇದನ್ನು ಬರೆಯಲು ಒಪ್ಪಿಗೆ ಕೇಳೋಣವೆಂದು ಮೊನ್ನೆ ಆ ಹುಡುಗಿಗೆ ಫೋನ್ ಮಾಡಿದೆ. "ನನ್ನೆಸ್ರು ಬ್ಯಾಡ ಅಕ್ಕ, ಮಿಕ್ಕಿದ್ದು ಬರ್ಕಳಿ," ಎಂದಳು. ಆಮೇಲೆ ಕೇಳಿದಳು: "ಆ ದೊಡ್ಡೋರು ಚೆನ್ನಾಗವ್ರಾ?"

ಅವರು ಹೋದದ್ದನ್ನು ಅವಳಿಗೆ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.